ಚೀನಾ ನೂಲು ಕಿಲೋಗೆ ಹದಿನಾರು ರೂಪಾಯಿ ಅಗ್ಗವಂತೆ, ತರಿಸಬಹುದೇ?

ಪ್ರಶ್ನೆ: ಯಲಹಂಕದಲ್ಲಿ ನಮ್ಮ ತಂದೆಯ ಕಾಲದಿಂದ ನಡೆದುಬಂದ ವಿದ್ಯುತ್ ಮಗ್ಗದ ಘಟಕವಿದೆ. 12 ಮಗ್ಗಗಳಲ್ಲಿ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೀರೆ ನೇಯುತ್ತೇವೆ. ತಿಂಗಳಿಗೆ ಸುಮಾರು 400 ಕಿಲೋ ಪಾಲಿಯೆಸ್ಟರ್ ನೂಲು ಬೇಕು. ಚಿಕ್ಕಪೇಟೆಯ ಮಳಿಗೆಯೊಂದರಿಂದ ಉದ್ದರಿಗೆ ಸೂರತ್ ಮಾಲು ತರುತ್ತೇವೆ. ಜಿಎಸ್‌ಟಿ ಬಿಟ್ಟು ಕಿಲೋಗೆ 116 ರೂಪಾಯಿ. ಈಗ ದಲ್ಲಾಳಿಯೊಬ್ಬರು ಅದೇ ನೂಲನ್ನು ಚೀನಾದಿಂದ ತರಿಸಿ ಚೆನ್ನೈ ಬಂದರಿಗೆ 100 ರೂಪಾಯಿಗೆ ಮುಟ್ಟಿಸುತ್ತೇನೆ ಎನ್ನುತ್ತಿದ್ದಾರೆ. ತರಿಸಬಹುದೇ? ಬೆಲೆ ವಾರಕ್ಕೊಂದು ಥರ ಆಗುವುದೇಕೆ? ಸೀರೆ ಬಿಟ್ಟು ಕ್ರೀಡಾ ಉಡುಪಿನ ಬಟ್ಟೆಗೆ ಹೋಗೋಣ ಎಂದು ಮಗ ಹಟ ಹಿಡಿದಿದ್ದಾನೆ. ಯಾವ ನೂಲು ಯಾವುದಕ್ಕೆ ಎಂಬುದನ್ನೂ ತಿಳಿಸಿ. ಉಗ್ರಾಣದಲ್ಲಿ ಹೋದ ವರ್ಷದ ಕೆಲವು ಪೆಟ್ಟಿಗೆಗಳು ಉಳಿದಿವೆ, ಅವನ್ನು ಬಳಸಬಹುದೇ?

ಉತ್ತರ: ತರಿಸಬೇಡಿ. ನೀವೊಬ್ಬರೇ, ಈ ಬೆಲೆಯನ್ನಷ್ಟೇ ನೋಡಿ ತರಿಸಬೇಡಿ. ಚೀನಾದ ನೂಲು ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಅಲ್ಲಿನ ಒಳ್ಳೆಯ ಗಿರಣಿಗಳ ನೂಲು ನಿಜಕ್ಕೂ ಚೆನ್ನಾಗಿರುತ್ತದೆ. ಹೊಂದದಿರುವುದು ನಿಮ್ಮ ಮಗ್ಗದ ಲೆಕ್ಕ.

ಆ ಲೆಕ್ಕ ಹೀಗಿದೆ. ನೀವು ಬಳಸುವ ಪಾಲಿಯೆಸ್ಟರ್ ಫಿಲಮೆಂಟ್ (ತುಂಡಾಗದ ಉದ್ದ ಎಳೆಗಳ) ನೂಲಿನ ಮೇಲೆ ಮೂಲ ಆಮದು ಸುಂಕ ಶೇ 5. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್. 100 ರೂಪಾಯಿಯ ಮಾಲಿಗೆ ಇವೆರಡೂ ಸೇರಿ ಐದೂವರೆ ರೂಪಾಯಿ. ಅದರ ಮೇಲೆ ಶೇ 5ರ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ, ಕಟ್ಟಬೇಕು. ಅದು ಮುಂದೆ ಹೂಡುವಳಿ ತೆರಿಗೆ ಜಮೆಯಾಗಿ ನಿಮಗೆ ಹಿಂದಿರುಗುತ್ತದೆ, ಆದರೆ ಕಟ್ಟುವ ದಿನ ಕೈಯಲ್ಲಿ ಹಣ ಇರಲೇಬೇಕು. ಬಂದರಿನ ಖರ್ಚು, ಕಸ್ಟಮ್ಸ್ ಏಜೆಂಟರ ಶುಲ್ಕ, ಚೆನ್ನೈಯಿಂದ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ನಿಲ್ದಾಣಕ್ಕೋ ನೇರ ನಿಮ್ಮ ಬಾಗಿಲಿಗೋ ಸಾಗಾಟ, ಇಳಿಸುವ ಕೂಲಿ ಎಲ್ಲ ಸೇರಿ ಕಿಲೋಗೆ ಎರಡೂವರೆ ರೂಪಾಯಿ ಎಂದಿಟ್ಟುಕೊಳ್ಳೋಣ. ಅಲ್ಲಿಗೆ 108 ರೂಪಾಯಿ ಆಯಿತು. ದಲ್ಲಾಳಿ ಹೇಳಿದ ಹದಿನಾರು ರೂಪಾಯಿಯ ಉಳಿತಾಯದಲ್ಲಿ ಅರ್ಧ ಅಲ್ಲೇ ಕರಗಿತು.

ಎಂಟು ರೂಪಾಯಿಯಾದರೂ ಉಳಿಯಿತಲ್ಲ ಎನ್ನಬಹುದು. ಆದರೆ ನಲವತ್ತಡಿ ಕಂಟೇನರ್ ಒಂದರಲ್ಲಿ ಈ ಬಗೆಯ ನೂಲು ಸುಮಾರು 18 ಟನ್ ಹಿಡಿಯುತ್ತದೆ. ತಿಂಗಳಿಗೆ 400 ಕಿಲೋ ನೇಯುವ ನೀವು ಅದನ್ನು ಮುಗಿಸಲು 45 ತಿಂಗಳು ಬೇಕು, ಅಂದರೆ ಮೂರು ಮುಕ್ಕಾಲು ವರ್ಷ. ಮೊದಲ ದಿನವೇ 20 ಲಕ್ಷಕ್ಕಿಂತ ಹೆಚ್ಚು ಹಣ ಹೂಡಬೇಕು. ಉಳಿತಾಯ ಒಟ್ಟು 1 ಲಕ್ಷ 44 ಸಾವಿರ. ಮಾಲು ಕರಗುತ್ತಾ ಹೋಗುವುದರಿಂದ ಸರಾಸರಿ 10 ಲಕ್ಷ ಕಟ್ಟಿಬಿದ್ದಿರುತ್ತದೆ ಎಂದು ಹಿಡಿದರೂ, ಶೇ 12ರ ಬಡ್ಡಿಯಲ್ಲಿ ಅಷ್ಟು ಕಾಲಕ್ಕೆ ನಾಲ್ಕೂವರೆ ಲಕ್ಷ ಬಡ್ಡಿಗೇ ಹೋಯಿತು. ಚಿಕ್ಕಪೇಟೆಯ ವ್ಯಾಪಾರಿ ಕೊಡುವ ಉದ್ದರಿಗೂ ಒಂದು ಬೆಲೆಯಿದೆ. ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇಪ್ಪತ್ತಡಿ ಕಂಟೇನರ್ ತರಿಸಿದರೂ ಎಂಟೊಂಬತ್ತು ಟನ್ ಬರುತ್ತದೆ. ಬೇರೆಯವರ ಸರಕಿನೊಂದಿಗೆ ಹಂಚಿಕೊಂಡು ಒಂದೆರಡು ಟನ್ ತರಿಸುವ ದಾರಿಯೂ ಇದೆ, ಆದರೆ ಆಗ ಕಿಲೋಗೆ ಬೀಳುವ ಖರ್ಚು ಏರಿ ಉಳಿದ ಎಂಟು ರೂಪಾಯಿಯನ್ನೂ ತಿಂದುಹಾಕುತ್ತದೆ.

ದಲ್ಲಾಳಿ ಈಗಲೇ ಏಕೆ ಬಂದರು ಎಂಬುದೂ ನಿಮಗೆ ಗೊತ್ತಿರಲಿ. 2023ರ ಅಕ್ಟೋಬರ್‌ನಿಂದ ಪಿಒವೈ (ಅರ್ಧ ಎಳೆದದ್ದು), ಎಫ್‌ಡಿವೈ (ಪೂರ್ತಿ ಎಳೆದದ್ದು) ಮೊದಲಾದ ಪಾಲಿಯೆಸ್ಟರ್ ನೂಲುಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪ್ರಮಾಣಪತ್ರ ಕಡ್ಡಾಯವಾಗಿತ್ತು. ವಿದೇಶಿ ಗಿರಣಿಯೂ ಭಾರತದ ಪರವಾನಗಿ ಪಡೆಯಬೇಕಾಗಿದ್ದರಿಂದ ಚೀನಾ ಮಾಲಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಕಚ್ಚಾವಸ್ತುಗಳನ್ನೂ ನೂಲುಗಳನ್ನೂ ಒಳಗೊಂಡ ಆ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಅದಕ್ಕೂ ಮುಂಚೆ, ಸೆಪ್ಟೆಂಬರ್ 22ರಿಂದ, ಕೃತಕ ನೂಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿತ್ತು. ನೂಲಿಗೆ 12, ಬಟ್ಟೆಗೆ 5 ಎಂಬ ತಲೆಕೆಳಗಾದ ವ್ಯವಸ್ಥೆಯಲ್ಲಿ ಮರುಪಾವತಿಗಾಗಿ ಅಲೆದ ನೇಕಾರರಿಗೆ ಆ ಇಳಿಕೆಯ ಬೆಲೆ ಗೊತ್ತು. ಇವೆರಡೂ ಸೇರಿ ಆಮದಿನ ಲೆಕ್ಕ ದಿಢೀರನೆ ಆಕರ್ಷಕವಾಗಿ ಕಾಣತೊಡಗಿದೆ. ದೊಡ್ಡ ಖರೀದಿದಾರರಿಗೆ ಅದು ನಿಜವಾದ ಅವಕಾಶವೇ ಹೌದು. ಆದರೆ ಎರಡೇ ವರ್ಷದಲ್ಲಿ ಬಾಗಿಲು ಮುಚ್ಚಿ ತೆರೆದ ಸರ್ಕಾರ ಮತ್ತೆ ಮುಚ್ಚಲಾರದು ಎಂದು ಯಾರು ಹೇಳಬಲ್ಲರು? ಕಂಟೇನರ್ ಸಮುದ್ರದಲ್ಲಿರುವಾಗ ಹೊಸ ಅಧಿಸೂಚನೆ ಹೊರಬಿದ್ದ ಸಂದರ್ಭಗಳು ಈ ವ್ಯಾಪಾರದಲ್ಲಿ ಉಂಟು.

ಇನ್ನು ಬೆಲೆ ಏಕೆ ಕುಣಿಯುತ್ತದೆ ಎಂಬ ಪ್ರಶ್ನೆ. ನಿಮ್ಮ ನೂಲಿನ ಹುಟ್ಟು ಕಚ್ಚಾತೈಲದಲ್ಲಿದೆ. ತೈಲದಿಂದ ನಾಫ್ತಾ, ನಾಫ್ತಾದಿಂದ ಪ್ಯಾರಾಕ್ಸೈಲೀನ್, ಅದರಿಂದ ಪಿಟಿಎ ಎಂಬ ಬಿಳಿ ಪುಡಿ. ಇನ್ನೊಂದು ಕವಲಿನಲ್ಲಿ ಎಥಿಲೀನ್‌ನಿಂದ ಎಂಇಜಿ ಎಂಬ ದ್ರವ. ಒಂದು ಕಿಲೋ ಪಾಲಿಯೆಸ್ಟರ್‌ಗೆ ಸುಮಾರು 860 ಗ್ರಾಂ ಪಿಟಿಎ, 340 ಗ್ರಾಂ ಎಂಇಜಿ ಬೇಕು. ಎರಡನ್ನೂ ಬೆರೆಸಿ ಬೇಯಿಸಿದಾಗ ನೀರು ಬೇರ್ಪಟ್ಟು ಹೋಗುವುದರಿಂದ ಹಾಕಿದ್ದಕ್ಕಿಂತ ತೂಕ ಕಡಿಮೆಯಾಗುತ್ತದೆ. ಕರಗಿದ ಪಾಲಿಮರನ್ನು 280 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಸಣ್ಣ ರಂಧ್ರಗಳ ತಟ್ಟೆಯ ಮೂಲಕ ಒತ್ತಿ, ತಣ್ಣನೆಯ ಗಾಳಿ ಊದಿ, ನಿಮಿಷಕ್ಕೆ ಮೂರು ಸಾವಿರ ಮೀಟರಿಗೂ ಮಿಗಿಲಾದ ವೇಗದಲ್ಲಿ ಸುತ್ತಿದರೆ ಅದು ಪಿಒವೈ, ಅಂದರೆ ಅರ್ಧ ಎಳೆದ ನೂಲು. ಅದನ್ನು ಬಿಸಿ ಮಾಡಿ, ಎಳೆದು, ಹುಸಿ ಹುರಿ ಕೊಟ್ಟು ಉಬ್ಬಿಸಿದರೆ ಡಿಟಿವೈ. ನೀವು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಬಳಸುವ ಕ್ರಿಂಪ್ ನೂಲು ಇದೇ. ಗಿರಣಿಯಲ್ಲೇ ಒಂದೇ ಹಂತದಲ್ಲಿ ಪೂರ್ತಿ ಎಳೆದದ್ದು ಎಫ್‌ಡಿವೈ. ಸೀರೆಗೆ ಹೊಳಪು ಬರುವುದು ಅದರಿಂದ.

ನೂಲಿನ ಬೆಲೆಯಲ್ಲಿ ದೊಡ್ಡ ಪಾಲು ಈ ಎರಡು ಕಚ್ಚಾವಸ್ತುಗಳದ್ದೇ ಆದ್ದರಿಂದ ತೈಲ ಕೆಮ್ಮಿದರೆ ಸೂರತ್‌ಗೆ ಜ್ವರ ಬರುತ್ತದೆ. ಅದರ ಮೇಲೆ ರೂಪಾಯಿ–ಡಾಲರ್ ವಿನಿಮಯ ದರ. ಅದರ ಮೇಲೆ ಋತು: ಚೀನೀ ಹೊಸವರ್ಷಕ್ಕೆ ಅಲ್ಲಿನ ಕಾರ್ಖಾನೆಗಳು ಮುಚ್ಚುತ್ತವೆ, ದೀಪಾವಳಿಗೆ ಸೂರತ್‌ನ ಮಗ್ಗಗಳು ನಿಲ್ಲುತ್ತವೆ, ವರಮಹಾಲಕ್ಷ್ಮಿ ಹಬ್ಬಕ್ಕೂ ದಸರಾಕ್ಕೂ ಮುಂಚೆ ನಮ್ಮ ಪೇಟೆಗಳಲ್ಲಿ ಬೇಡಿಕೆ ಏರುತ್ತದೆ. ನಿಮ್ಮ ವ್ಯಾಪಾರಿ ವಾರಕ್ಕೊಂದು ಬೆಲೆ ಹೇಳುವುದು ಅವರ ಹುನ್ನಾರವಲ್ಲ, ಅಥವಾ ಪೂರ್ತಿ ಅವರ ಹುನ್ನಾರವಲ್ಲ.

ಚೀನಾಕ್ಕೆ ಅಷ್ಟು ಅಗ್ಗವಾಗಿ ಮಾರಲು ಹೇಗೆ ಸಾಧ್ಯ? ಜಗತ್ತಿನ ಪಾಲಿಯೆಸ್ಟರ್‌ನಲ್ಲಿ ಮೂರನೇ ಎರಡಕ್ಕೂ ಹೆಚ್ಚು ಭಾಗ ತಯಾರಾಗುವುದು ಅಲ್ಲಿ. 2023ರಲ್ಲಿ ಜಗತ್ತು ತಯಾರಿಸಿದ ಎಲ್ಲ ಬಗೆಯ ನಾರು ಸುಮಾರು 12.4 ಕೋಟಿ ಟನ್. ಹತ್ತಿ, ಉಣ್ಣೆ, ರೇಷ್ಮೆ ಎಲ್ಲ ಸೇರಿದ ಆ ಲೆಕ್ಕದಲ್ಲಿ ಶೇ 57 ಪಾಲಿಯೆಸ್ಟರ್ ಒಂದರದ್ದೇ. ಝೆಜಿಯಾಂಗ್ ಮತ್ತು ಜಿಯಾಂಗ್ಸು ಪ್ರಾಂತ್ಯಗಳ ನೂಲು ಕಂಪನಿಗಳು ತಾವೇ ತೈಲ ಶುದ್ಧೀಕರಣಕ್ಕೂ ಇಳಿದಿವೆ. ಸೂಜೌ ಬಳಿ ನೂಲಿನಿಂದ ಬೆಳೆದ ಹೆಂಗ್ಲಿ ಸಮೂಹ ದಾಲಿಯನ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ತೈಲ ಸಂಸ್ಕರಿಸುವ ಘಟಕವನ್ನು 2019ರಲ್ಲಿ ಶುರು ಮಾಡಿತು. ಕಚ್ಚಾತೈಲ ಒಂದು ತುದಿಯಲ್ಲಿ ಒಳಹೊಕ್ಕು ನೂಲು ಇನ್ನೊಂದು ತುದಿಯಲ್ಲಿ ಹೊರಬರುವವರ ಮುಂದೆ, ಪಿಟಿಎ ಕೊಂಡು ನೂಲುವವರು ಬೆಲೆಯಲ್ಲಿ ನಿಲ್ಲುವುದು ಕಷ್ಟ. ಅವರಲ್ಲಿ ಉತ್ಪಾದನೆ ಹೆಚ್ಚಾಗಿ ದಾಸ್ತಾನು ಏರಿದಾಗಲೆಲ್ಲ ಮಿಕ್ಕ ದೇಶಗಳತ್ತ ಅಗ್ಗದ ಮಾಲು ಹರಿಯುತ್ತದೆ.

ಆಗ ಹಲವು ದೇಶಗಳು ಅಡ್ಡಗಟ್ಟೆ ಹಾಕುತ್ತವೆ. ಸುರಿವು ತಡೆ (ಆ್ಯಂಟಿ ಡಂಪಿಂಗ್) ಸುಂಕ ಎನ್ನುವುದು ಇದಕ್ಕೇ. ನಮ್ಮಲ್ಲಿ ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ (ಡಿಜಿಟಿಆರ್) ತನಿಖೆ ಮಾಡಿ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯ ಹೇರುತ್ತದೆ. ಸೀಟ್‌ಬೆಲ್ಟ್, ಹಗ್ಗಗಳಿಗೆ ಬಳಸುವ ಚೀನಾದ ಹೆಚ್ಚು ಬಲದ ಪಾಲಿಯೆಸ್ಟರ್ ನೂಲಿನ ಮೇಲೆ 2018ರಲ್ಲಿ ಇಂಥ ಸುಂಕ ಬಿತ್ತು. ಈ ಆಟದಲ್ಲಿ ನಾವೂ ಪೆಟ್ಟು ತಿಂದಿದ್ದೇವೆ: 2020ರ ಜನವರಿಯಲ್ಲಿ ಅಮೆರಿಕ ಚೀನಾದ ಜೊತೆಗೆ ಭಾರತದ ಡಿಟಿವೈ ಮೇಲೂ ಸುಂಕ ಹಾಕಿತು. ನಾವು ಕೊಳ್ಳುವವರು ಮಾತ್ರವಲ್ಲ, ಬ್ರೆಜಿಲ್‌ಗೂ ಟರ್ಕಿಗೂ ಮಾರುವವರೂ ಹೌದು ಎಂಬುದನ್ನು ಇಲ್ಲಿನ ಚರ್ಚೆಗಳಲ್ಲಿ ಮರೆಯುತ್ತಾರೆ.

ನನಗೆ ಈ ವಿಷಯದಲ್ಲಿ ಒಂದು ಗಟ್ಟಿ ಅಭಿಪ್ರಾಯವಿದೆ. ಸರಪಳಿಯ ಮೇಲಿನ ಕೊಂಡಿಗೆ ಕೊಡುವ ರಕ್ಷಣೆಯ ಬೆಲೆಯನ್ನು ತೆರುವವರು ಕೆಳಗಿನ ಕೊಂಡಿಯಲ್ಲಿರುವ ನಿಮ್ಮಂಥವರು. ಪಿಟಿಎ ಮೇಲೆ ವರ್ಷಗಟ್ಟಲೆ ಇದ್ದ ಸುರಿವು ತಡೆ ಸುಂಕ ದೇಶದ ಬೆರಳೆಣಿಕೆಯ ತಯಾರಕರಿಗೆ ಹಿತವಾಗಿತ್ತು. ಸೂರತ್‌ನ ನೂಲು ದುಬಾರಿಯಾಗಿ ಯಲಹಂಕದ, ದೊಡ್ಡಬಳ್ಳಾಪುರದ ನೇಕಾರರು ಅದನ್ನು ಭರಿಸಿದರು. 2020ರ ಬಜೆಟ್‌ನಲ್ಲಿ ಅದನ್ನು ತೆಗೆದದ್ದು ಸರಿಯಾದ ನಿರ್ಧಾರವೇ. ಮರುವರ್ಷ ನೈಲಾನ್ ಸರಪಳಿಯ ಸುಂಕವನ್ನೂ ಏಳೂವರೆಯಿಂದ ಐದಕ್ಕೆ ಇಳಿಸಿ ಪಾಲಿಯೆಸ್ಟರ್ ಸಾಲಿಗೆ ತಂದರು.

ಹೋಗಲಿ, ನಿಮ್ಮ ಹತ್ತಿರದ ಸಂಗತಿಗೆ ಬರುತ್ತೇನೆ. ಬೆಲೆಗಿಂತ ಮೊದಲು ನೀವು ದಲ್ಲಾಳಿಯನ್ನು ಕೇಳಬೇಕಾದದ್ದು ಲಾಟ್, ಅಂದರೆ ಗಿರಣಿಯಲ್ಲಿ ಒಟ್ಟಿಗೇ ತಯಾರಾದ ಕಂತಿನ, ಬಗ್ಗೆ. ಪೆಟ್ಟಿಗೆಯ ಮೇಲಿನ ಚೀಟಿ ಓದಿ: 75/36 ಎಸ್‌ಡಿ ಎನ್‌ಐಎಂ ಎಎ, ಕೆಳಗೆ ಒಂದು ಲಾಟ್ ಸಂಖ್ಯೆ. 75 ಎಂದರೆ ಡೆನಿಯರ್. ಆ ನೂಲಿನ 9,000 ಮೀಟರ್ ತೂಗಿದರೆ 75 ಗ್ರಾಂ. 36 ಎಂದರೆ ಅದರೊಳಗಿನ ಎಳೆಗಳ ಸಂಖ್ಯೆ; ಅದೇ 75 ಡೆನಿಯರ್‌ನಲ್ಲಿ 72 ಎಳೆಗಳಿದ್ದರೆ ಬಟ್ಟೆ ಇನ್ನಷ್ಟು ಮೆತ್ತಗೆ, 144 ಇದ್ದರೆ ಮೈಕ್ರೋ. ಎಸ್‌ಡಿ ಎಂದರೆ ಅರೆ ಮಂದ ಹೊಳಪು. ಟೈಟಾನಿಯಂ ಡೈಆಕ್ಸೈಡ್ ಬೆರೆಸಿ ಮಿನುಗು ತಗ್ಗಿಸಿರುತ್ತಾರೆ. ಎನ್‌ಐಎಂ ಎಂದರೆ ಎಳೆಗಳನ್ನು ಗಾಳಿಯೂದಿ ಗಂಟುಹಾಕಿಲ್ಲ. ಎಎ ಎಂದರೆ ಮೊದಲ ದರ್ಜೆ. ಹುರಿ ಕೊಡದೆ, ಗಂಜಿ ಹಾಕದೆ ನೇರ ಹಾಸಿನ (ಉದ್ದ ಎಳೆಯ) ನೂಲಾಗಿ ಹಾಕುವುದಾದರೆ ನಿಮಗೆ ಎಚ್‌ಐಎಂ, ಅಂದರೆ ಒತ್ತಾಗಿ ಗಂಟುಹಾಕಿದ್ದು, ಬೇಕು. ಎನ್‌ಐಎಂ ಹಾಕಿದರೆ ಎಳೆ ಬಿಟ್ಟುಕೊಂಡು ಮಗ್ಗ ಗಳಿಗೆಗೊಮ್ಮೆ ನಿಲ್ಲುತ್ತದೆ. ‘ಅದೇ ನೂಲು’ ಎಂದು ದಲ್ಲಾಳಿ ಹೇಳಿದಾಗ ಈ ಐದರಲ್ಲಿ ಎಷ್ಟು ಅದೇ ಎಂದು ಬರೆಸಿಕೊಳ್ಳಿ.

ಐದೂ ಹೊಂದಿದರೂ ಲಾಟ್ ಬೇರೆಯಾದರೆ ಎಲ್ಲ ಕೆಟ್ಟಂತೆ. ಕಬ್ಬನ್‌ಪೇಟೆಯ ಬಣ್ಣದ ಮನೆಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮಗ್ಗದಿಂದ ಇಳಿದಾಗ ಸೀರೆ ಒಂದೇ ಬಿಳುಪು, ಎಲ್ಲಿಯೂ ದೋಷವಿಲ್ಲ. 130 ಡಿಗ್ರಿಯಲ್ಲಿ ಬಣ್ಣ ಕುದಿಸಿ ತೆಗೆದಾಗ ಮೈಗೆ ಅಡ್ಡಲಾಗಿ ಒಂದೊಂದು ಗೇಣಿಗೂ ತಿಳಿಗೆಂಪು, ಕಡುಗೆಂಪು ಪಟ್ಟೆ. ಹೊಕ್ಕಿನ ಕೋನ್ ಬದಲಾದ ಕಡೆಯೆಲ್ಲ ಗೆರೆ. ಎರಡು ಲಾಟ್‌ಗಳನ್ನು ಬೇರೆ ಬೇರೆ ಶಾಖದಲ್ಲಿ ಎಳೆದಿದ್ದರಿಂದ ಒಂದು ಹೆಚ್ಚು ಬಣ್ಣ ಕುಡಿದಿರುತ್ತದೆ, ಇನ್ನೊಂದು ಕಡಿಮೆ. ಬರಿಗಣ್ಣಿಗೆ ನೂಲಿನಲ್ಲಿ ಕಾಣದ ಈ ವ್ಯತ್ಯಾಸ ಬಟ್ಟೆಯಾದ ಮೇಲೆ ತಿದ್ದಲಾಗದು. ಕಪ್ಪು ಬಣ್ಣ ಹಾಕಿ ಮುಚ್ಚುವುದೊಂದೇ ದಾರಿ. ಕಪ್ಪು ಸೀರೆಯನ್ನು ನಮ್ಮಲ್ಲಿ ಮದುವೆಗೆ ಯಾರು ಕೊಳ್ಳುತ್ತಾರೆ?

ಚಿಕ್ಕಪೇಟೆಯ ಮಾಲಿನಲ್ಲಿ ಹೀಗಾದರೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಮಳಿಗೆಯ ಮುಂದೆ ಇಳಿಸಿ ಜಗಳವಾಡಬಹುದು. ಶೇ 30 ಮುಂಗಡ ಕೊಟ್ಟು, ಉಳಿದದ್ದನ್ನು ದಾಖಲೆ ಬಂದಾಗ ಕಟ್ಟಿ ತರಿಸಿದ ಮಾಲಿಗೆ ಝೆಜಿಯಾಂಗ್‌ನಲ್ಲಿ ಯಾರ ಬಾಗಿಲು ತಟ್ಟುತ್ತೀರಿ? ಅದಕ್ಕೇ ಹೊಸ ಮಾಲು ಬಂದ ಕೂಡಲೇ ಪ್ರತಿ ಪೆಟ್ಟಿಗೆಯಿಂದ ಒಂದು ಕೋನ್ ತೆಗೆದು, ಸಣ್ಣ ಕಾಲುಚೀಲದ ಯಂತ್ರದಲ್ಲಿ ಒಂದರ ಕೆಳಗೊಂದು ಸ್ವಲ್ಪ ಸ್ವಲ್ಪ ಹೆಣೆದು, ಎಲ್ಲವನ್ನೂ ಒಟ್ಟಿಗೇ ಬಣ್ಣದಲ್ಲಿ ಅದ್ದಿ ನೋಡಬೇಕು. ಬಣ್ಣದ ಮನೆಯವರಿಗೆ ಇದು ಗೊತ್ತಿರುವ ಪರೀಕ್ಷೆಯೇ. ಡೆನಿಯರ್, ಬಲ, ಕುಗ್ಗುವಿಕೆಯ ಲಿಖಿತ ವರದಿ ಬೇಕಾದರೆ ಜವಳಿ ಸಮಿತಿಯ ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ.

ಹಾಗಾದರೆ ಆಮದು ಯಾರಿಗೆ ಸರಿ? ಒಂದೇ ಬಗೆಯ ನೂಲನ್ನು ಮೂರು–ನಾಲ್ಕು ತಿಂಗಳಲ್ಲಿ ಒಂದು ಕಂಟೇನರ್‌ನಷ್ಟು ಮುಗಿಸಬಲ್ಲವರಿಗೆ, ಅಥವಾ ಇಲ್ಲಿ ಸಿಗದ ನೂಲು ಬೇಕಾದವರಿಗೆ. ಹತ್ತು–ಹನ್ನೆರಡು ಘಟಕದವರು ಕೂಡಿ ಒಂದೇ ಲಾಟ್ ತರಿಸಿ ಹಂಚಿಕೊಂಡರೆ ಲೆಕ್ಕ ಕೂಡಿಬರುತ್ತದೆ. ಆದರೆ ಹಂಚಿಕೊಳ್ಳುವ ಎಲ್ಲರೂ 75/36 ಅನ್ನೇ ಬಳಸುವವರಾಗಿರಬೇಕು, ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು–ರಫ್ತು ಸಂಕೇತ ಯಾರದೋ ಒಬ್ಬರ ಹೆಸರಿನಲ್ಲಿರಬೇಕು. ಆ ಹೆಸರಿನವರು ಇಲ್ಲಿ ಎಚ್ಚರವಾಗಿರಬೇಕು. ಸುಂಕಕ್ಕಾಗಿ ಸರಕನ್ನು ಗುರುತಿಸುವ ಎಚ್‌ಎಸ್ ಸಂಕೇತದ ಮೊದಲ ಆರು ಅಂಕಿಗಳು ಜಗತ್ತಿಗೆಲ್ಲ ಒಂದೇ: ಪಾಲಿಯೆಸ್ಟರ್ ಡಿಟಿವೈಗೆ 5402 33, ಪಿಒವೈಗೆ 5402 46, ಹುರಿಯಿಲ್ಲದ ಎಫ್‌ಡಿವೈಗೆ 5402 47. ಜರಿಯಂಥ ಲೋಹಲೇಪಿತ ನೂಲು 5605ರಲ್ಲಿ, ಮರದ ತಿರುಳಿನಿಂದ ಬರುವ ವಿಸ್ಕೋಸ್ ಫಿಲಮೆಂಟ್ 5403ರಲ್ಲಿ. ಸುಂಕ ಉಳಿಸಲು ಬೇರೆ ಸಂಕೇತ ಬರೆಯೋಣ, ಬೆಲೆ ಕಡಿಮೆ ತೋರಿಸೋಣ, ವಿಯೆಟ್ನಾಂ ಮೂಲದ ಪ್ರಮಾಣಪತ್ರ ಇಟ್ಟು ಆಸಿಯಾನ್ ಒಪ್ಪಂದದ ರಿಯಾಯಿತಿ ಪಡೆಯೋಣ ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಮೂಲ ದೇಶದ ವಿವರಗಳನ್ನು ಇಟ್ಟುಕೊಳ್ಳುವ ಹೊಣೆ 2020ರ ನಿಯಮಗಳ ಪ್ರಕಾರ ಆಮದುದಾರರದ್ದೇ. ನೋಟಿಸು ಬರುವುದು ನಿಮ್ಮ ಮನೆಗೆ, ದಲ್ಲಾಳಿಯ ಮನೆಗಲ್ಲ.

ಮಗನ ಮಾತಿಗೆ ಬರೋಣ. ಕ್ರೀಡಾ ಉಡುಪಿನ ಬಟ್ಟೆ ಬಹುಪಾಲು ನೇಯ್ಗೆಯದಲ್ಲ, ಹೆಣಿಗೆಯದು. ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಬರುವುದು ದುಂಡನೆಯ ನಿಟ್ಟಿಂಗ್ ಯಂತ್ರಗಳಿಂದ. ನಿಮ್ಮ ಮಗ್ಗ ಅದನ್ನು ಮಾಡಲಾರದು. ಬಿಡಿಸಿ ಹೇಳಿದರೆ, ಅದು ಬಟ್ಟೆ ಬದಲಿಸುವ ಮಾತಲ್ಲ, ಕಾರ್ಖಾನೆ ಬದಲಿಸುವ ಮಾತು. ಜಾಕೆಟ್ಟಿನ ಒಳಪದರಕ್ಕೆ ಹೋಗುವ ತೆಳು ಟಫೆಟಾ ಬಟ್ಟೆಯನ್ನು ನೇಯಬಹುದು, ಆದರೆ ಸೂರತ್‌ನ ವಾಟರ್‌ಜೆಟ್ ಮಗ್ಗಗಳ ವೇಗದ ಮುಂದೆ ನಿಮ್ಮ ಮೀಟರಿನ ಬೆಲೆ ನಿಲ್ಲದು.

ಯಾವ ನೂಲು ಎಲ್ಲಿಗೆ ಎಂಬುದು ಹುಡುಗನಿಗೆ ತಿಳಿದಿದ್ದರೆ ಒಳ್ಳೆಯದು. ನೈಲಾನ್ ಪಾಲಿಯೆಸ್ಟರ್‌ಗಿಂತ ಹೆಚ್ಚು ಹಿಗ್ಗಿ ಮರಳುತ್ತದೆ, ಸವೆತ ತಡೆಯುತ್ತದೆ. ಮೀನಿನ ಬಲೆ, ಟೈರಿನ ಹಂದರ, ಕಾಲುಚೀಲ, ಒಳಉಡುಪು ಅದರ ಜಾಗ. ಅಮೆರಿಕದ ಡುಪಾಂಟ್‌ನಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ತಂಡ 1935ರಲ್ಲಿ ಅದನ್ನು ತಯಾರಿಸಿತು. 1940ರ ಮೇ ತಿಂಗಳಲ್ಲಿ ಕಾಲುಚೀಲವಾಗಿ ಮಾರುಕಟ್ಟೆಗೆ ಬಂದು ಜಪಾನಿನ ರೇಷ್ಮೆಯ ಅಮೆರಿಕನ್ ಪೇಟೆಯನ್ನೇ ಕಿತ್ತುಕೊಂಡಿತು, ರೇಷ್ಮೆ ನಾಡಿನವರಾದ ನಾವು ನೆನಪಿಡಬೇಕಾದ ಕಥೆ. ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಒಂಟಿಯಾಗಿ ಬಟ್ಟೆಯಾಗುವುದಿಲ್ಲ. ಜೀನ್ಸ್‌ನಲ್ಲಿ ನೂರಕ್ಕೆ ಒಂದೆರಡು ಪಾಲು ಸೇರಿದರೂ ಸಾಕು, ಎಳೆದಂತೆ ಬರುತ್ತದೆ. ಅಕ್ರಿಲಿಕ್ ಉಣ್ಣೆಯ ಬದಲಿಗೆ, ಲೂಧಿಯಾನದ ಸ್ವೆಟರ್‌ಗಳಿಗೆ. ಪಾಲಿಪ್ರೊಪಿಲೀನ್ ಹಗ್ಗ, ಚೀಲ, ಕಾರ್ಪೆಟ್ಟಿಗೆ. ಅದಕ್ಕೆ ಆಮೇಲೆ ಬಣ್ಣ ಹಿಡಿಯದು, ಕರಗಿಸುವಾಗಲೇ ಬೆರೆಸಬೇಕು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆಗೆ ಓಡುವುದು ಬಹುಮಟ್ಟಿಗೆ ತುಂಡು ನಾರಿನಿಂದ ನೂತ ಸ್ಪನ್ ಪಾಲಿಯೆಸ್ಟರ್ ದಾರ.

ಬೇರೆ ಏನಾದರೂ ಮಾಡಲೇಬೇಕೆಂದು ಮಗ ಹಟ ಬಿಡದಿದ್ದರೆ, ಮಗ್ಗ ಬದಲಿಸದೆ ನೂಲು ಬದಲಿಸಿ ನೋಡಲಿ. ಮಾಮೂಲಿ ಪಾಲಿಯೆಸ್ಟರ್‌ಗೆ ಹಿಡಿಯದ ಕ್ಯಾಟಯಾನಿಕ್ ಎಂಬ ಬೇರೆ ಜಾತಿಯ ಬಣ್ಣ ಹಿಡಿಯುವಂತೆ ಮಾರ್ಪಡಿಸಿದ ಪಾಲಿಯೆಸ್ಟರ್ ಸಿಗುತ್ತದೆ. ಸಿಡಿ ನೂಲು ಎಂದು ಕೇಳಿ. ಹಾಸಿಗೆ ಮಾಮೂಲಿ ನೂಲು, ಹೊಕ್ಕಿಗೆ ಸಿಡಿ ನೂಲು ಹಾಕಿ ಬಿಳಿಯಾಗಿಯೇ ನೇಯ್ದು, ಎರಡು ಬಗೆಯ ಬಣ್ಣಗಳಲ್ಲಿ ಕುದಿಸಿದರೆ ಹಾಸಿಗೊಂದು, ಹೊಕ್ಕಿಗೊಂದು ಬಣ್ಣ ಹಿಡಿದು ಸೀರೆ ಮಡಿಕೆಯಲ್ಲಿ ಬಣ್ಣ ಬದಲಿಸುತ್ತದೆ. ಮೊದಲೇ ಬಣ್ಣ ಹಾಕಿದ ನೂಲಿನ ದಾಸ್ತಾನು ಇಡುವ ತಾಪತ್ರಯವಿಲ್ಲ. ಬೇಡಿಕೆ ಬಂದ ಮೇಲೆ ಬಣ್ಣ ನಿರ್ಧರಿಸಬಹುದು. ಮೊದಲಿಗೆ ಎರಡು ಮಗ್ಗಗಳಲ್ಲಿ ಸಾಕು.

ಕೊನೆಯದಾಗಿ ಹಳೆಯ ಪೆಟ್ಟಿಗೆಗಳು. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಹುಳು ಹಿಡಿಯುವುದಿಲ್ಲ. ಹಾಳಾಗುವುದು ಅದರ ಮೇಲೆ ಗಿರಣಿಯವರು ಹಚ್ಚಿದ ಎಣ್ಣೆ: ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಕೆಳಗೆ ಇಳಿದು ರಟ್ಟಿಗೆ ಅಂಟುತ್ತದೆ. ಶೀಟಿನ ಛಾವಣಿಯ ಕೆಳಗೆ ಬೇಸಿಗೆ ಕಳೆದ ಮಾಲಾದರೆ ಇನ್ನೂ ಬೇಗ. ಒಂದು ಕೋನ್‌ನ ಮೇಲಿನ ಪದರ ಬಿಚ್ಚಿ ಒಳಗಿನ ನೂಲಿನ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ವ್ಯತ್ಯಾಸ ಕಂಡರೆ ತಿಳಿ ಬಣ್ಣದ ಸೀರೆಗೆ ಬೇಡ, ಗಾಢ ಬಣ್ಣದ ಸೀರೆಯ ಹೊಕ್ಕಿಗೆ ಹಾಕಿ ಮುಗಿಸಿ. ಹೊಸ ಮಾಲಿನ ಜೊತೆ ಮಾತ್ರ ಒಂದೇ ಸೀರೆಯಲ್ಲಿ ಬೆರೆಸಬೇಡಿ. ಬಣ್ಣದ ಮನೆಗೆ ಕಳಿಸುವಾಗ ಹಳೆಯ ಲಾಟ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪ್ರತಿ ಕಟ್ಟಿಗೂ ಕಟ್ಟಿ ಕಳಿಸಿ.